ಆರ್‌ಒ+ಯುವಿ+ಯುಎಫ್ ಯಂತ್ರ: ನೀರಲ್ಲಿ ಕರಗಿದ ಔಷಧವನ್ನು ಎಷ್ಟು ತಡೆಯುತ್ತದೆ?

ಮುಂಬಯಿಯ ಮಾಟುಂಗಾ, ಗೋರೆಗಾಂವ್ ಕಡೆಯ ಕನ್ನಡಿಗರ ಅಡುಗೆಮನೆಗಳಲ್ಲಿ ಹೆಚ್ಚಾಗಿ ಕಾಣುವುದು ದಿನಕ್ಕೆ 75 ಗ್ಯಾಲನ್ (75 ಜಿಪಿಡಿ) ಸೋಸುವ ಆರ್‌ಒ ಮೆಂಬ್ರೇನ್ ಇರುವ ಈ ಮಾದರಿ. ಔಷಧದ ಅಂಶ ತಡೆಯುವುದರಲ್ಲಿ ಇದಕ್ಕೆ ನಾವು ಕೊಡುವುದು ಐದಕ್ಕೆ ಮೂರು ಅಂಕ. ಆ ಮೂರೂ ಮೆಂಬ್ರೇನ್ ಮತ್ತು ಇದ್ದಿಲಿನ ಫಿಲ್ಟರ್ (ಕಾರ್ಬನ್) ಗಳಿಸಿದ್ದು. ಯುವಿ ದೀಪ ರೋಗಾಣು ಕೊಲ್ಲುತ್ತದೆ. ಮನೆಯ ದೀಪದ ಶಕ್ತಿಗೆ ಹೆಚ್ಚಿನ ಔಷಧಗಳು ಒಡೆಯುವುದಿಲ್ಲ. ಯುಎಫ್ ಎಂಬ ಸೂಕ್ಷ್ಮ ಜರಡಿಯ ರಂಧ್ರ ಸುಮಾರು 0.01 ಮೈಕ್ರಾನ್, ಕರಗಿದ ಔಷಧ ಅದರಲ್ಲಿ ಸಲೀಸಾಗಿ ನುಸುಳುತ್ತದೆ.

ನೋವಿನ ಮಾತ್ರೆಯ ಡೈಕ್ಲೊಫೆನಾಕ್, ಮೂರ್ಛೆರೋಗದ ಕಾರ್ಬಮಜೆಪಿನ್ ಇವನ್ನು ಕಾರ್ಬನ್ ಚೆನ್ನಾಗಿ ಹಿಡಿಯುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅದಕ್ಕೆ ಅಷ್ಟಾಗಿ ಸಿಗದು. ಅದನ್ನು ತಡೆಯಲು ಮೆಂಬ್ರೇನೇ ಬೇಕು.

ಎಡವುವುದು ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) ಹೊಂದಿಸುವ ತಿರುಪಿನಲ್ಲಿ. ಮುಂಬಯಿಗೆ ಬರುವ ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳ ನೀರು ಮೊದಲೇ ಮೃದು, ಮೆಂಬ್ರೇನ್ ದಾಟಿದರೆ ಇನ್ನೂ ಸಪ್ಪೆ. ರುಚಿ ಬರಲೆಂದು ಮೆಕ್ಯಾನಿಕ್ ತಿರುಪು ತೆರೆದಿಡುತ್ತಾರೆ. ಆ ದಾರಿಯ ನೀರು ಮೆಂಬ್ರೇನ್ ಮುಟ್ಟದೆಯೇ ಲೋಟಕ್ಕೆ ಸೇರುತ್ತದೆ. ಕೊಟ್ಟ ದುಡ್ಡು ಅಲ್ಲೇ ಸೋರಿಹೋಗುತ್ತದೆ. ತಿರುಪು ಪೂರ್ತಿ ಮುಚ್ಚಿಸಿ, ರುಚಿಗೆ ಮಿನರಲ್ ಕಾರ್ಟ್ರಿಜ್ ಹಾಕಿಸಿ.

ಮೆಂಬ್ರೇನ್ ಪರೀಕ್ಷಿಸಲು ತಿರುಪು ಮುಚ್ಚಿ, ಟ್ಯಾಂಕಿಗೆ ಹೋಗುವ ಮುನ್ನ, ಮಿನರಲ್ ಕಾರ್ಟ್ರಿಜ್‌ಗೂ ಮೊದಲೇ ನೀರು ಹಿಡಿಯಿರಿ. ಒಳಗೆ ಬರುವ ಟಿಡಿಎಸ್ 400 ಇದ್ದು ಹೊರಗೆ 40 ಬಂದರೆ ಸರಿ, 80 ದಾಟಿದರೆ ಬದಲಿಸಿ. ಆದರೆ ಟಿಡಿಎಸ್ ಮೀಟರ್ ಅಳೆಯುವುದು ಲವಣವನ್ನು. ಔಷಧದ ಅಂಶ ಲೀಟರಿಗೆ ನ್ಯಾನೊಗ್ರಾಂ ಲೆಕ್ಕದ್ದು, ಅದರ ಕಣ್ಣಿಗೆ ಬೀಳದು. ಮೆಂಬ್ರೇನ್ ಅವಧಿಗೆ ಮುನ್ನ ಕೆಡುವುದಕ್ಕೆ ದೊಡ್ಡ ಕಾರಣ ಕ್ಲೋರಿನ್: ಮೊದಲ ಕಾರ್ಬನ್ ಸವೆದರೆ ಕ್ಲೋರಿನ್ ಮೆಂಬ್ರೇನಿನ ಪಾಲಿಅಮೈಡ್ ಪದರವನ್ನು ತಿನ್ನುತ್ತದೆ.

ಪಾಲಿಕೆಯ ನೀರು ಮಾತ್ರ ಬರುವ ಮನೆಗೆ ಕಾರ್ಬನ್ ಬ್ಲಾಕ್ ಮತ್ತು ಯುವಿ ಸಾಕೆಂಬುದು ನಮ್ಮ ಅಭಿಪ್ರಾಯ. ಕುಡಿಯುವ ನೀರಿನಲ್ಲಿ ಕಾಣುವಷ್ಟು ಔಷಧದಿಂದ ಆರೋಗ್ಯಕ್ಕೆ ಹಾನಿಯಾಗುವುದು ತೀರ ಅಸಂಭವ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದೆ. ಟ್ಯಾಂಕರ್, ಬೋರ್‌ವೆಲ್ ನೀರಿನವರು ಆರ್‌ಒ ತೆಗೆದುಕೊಳ್ಳಲಿ.

ಮೆಂಬ್ರೇನ್ ತಡೆದ ಔಷಧ ಎಲ್ಲಿಗೂ ಮಾಯವಾಗುವುದಿಲ್ಲ, ಸಾಂದ್ರವಾಗಿ, ಬಿಟ್ಟ ನೀರು ಹೋಗುವ ರಿಜೆಕ್ಟ್ ಪೈಪಿನಿಂದ ಚರಂಡಿ ಸೇರುತ್ತದೆ. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಭಯ ಇರುವುದು ಲೋಟದಲ್ಲಿ ಅಲ್ಲ, ಅಲ್ಲಿ. ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ಸಿಂಕಿಗೆ ಸುರಿಯುವ ಮನೆಯಲ್ಲಿ ಈ ಯಂತ್ರ ಇದ್ದೂ ವ್ಯರ್ಥ.

ಖರೀದಿಸುವಾಗ ಇನ್ನೊಂದು: ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500:2012ರಲ್ಲಿ ಔಷಧಗಳಿಗೆ ಮಿತಿಯೇ ಇಲ್ಲ, ಅದರ ಮುದ್ರೆ ತೋರಿಸಿದರೆ ಏನೂ ಸಾಬೀತಾಗದು. ಫಿಲ್ಟರ್ ಔಷಧದಂಥ ಅಂಶಗಳನ್ನು ಎಷ್ಟು ತಗ್ಗಿಸುತ್ತದೆಂದು ಪರೀಕ್ಷಿಸುವ ಅಮೆರಿಕದ ಮಾನಕ ಎನ್‌ಎಸ್‌ಎಫ್ 401ರ ವರದಿ ಕೇಳಿ. ಐಬುಪ್ರೊಫೆನ್, ಅಟೆನೊಲಾಲ್, ಕಾರ್ಬಮಜೆಪಿನ್ ಅದರ ಪಟ್ಟಿಯಲ್ಲಿವೆ, ಮೆಟ್‌ಫಾರ್ಮಿನ್ ಇಲ್ಲ.