ಸರ್ಪ ಆ್ಯಪ್: ಪೆರ್ಲದ ನಮ್ಮ ತೋಟಕ್ಕೆ ಬಂದವರ ಬಗ್ಗೆ

ಕಳೆದ ವಾರ ಅಡಿಕೆ ಸಿಪ್ಪೆ ರಾಶಿಯ ಬುಡದಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು. ಕುಕ್ಕರಿನ ಹಾಗೆ ಬುಸುಗುಟ್ಟಿದ್ದಕ್ಕೇ ಅತ್ತೆ ಕಾಲು ಹಿಂದೆ ತೆಗೆದದ್ದು. ಹಾವು ಹಿಡಿಯುವವರ ನಂಬರ್ ಸಿಗುವ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್ ನೋಡಿ ಫೋನ್ ಮಾಡಿದೆ, ಅರ್ಧ ಗಂಟೆಯಲ್ಲಿ ತರಬೇತಿ ಆದವರೊಬ್ಬರು ಬಂದರು.

ಅವರು ಹಿಡಿದ ರೀತಿ ನೋಡಬೇಕಿತ್ತು. ಕಪ್ಪು ಚೀಲ, ಅದರ ಬಾಯಿಗೆ ಒಂದು ತುಂಡು ಪೈಪು. ಕೊಕ್ಕೆಯಿಂದ ಮೆಲ್ಲ ದಾರಿ ತೋರಿಸಿದರು ಅಷ್ಟೆ, ಹಾವು ಕತ್ತಲೆ ಕಂಡು ಬಿಲಕ್ಕೆ ಹೋದ ಹಾಗೆ ತಾನಾಗಿ ಒಳಗೆ ಹೋಯಿತು. ಬಾಲ ಹಿಡಿದು ಎತ್ತಲಿಲ್ಲ, ಫೋಟೊಗೆ ನಿಲ್ಲಲಿಲ್ಲ, ದುಡ್ಡು ಮುಟ್ಟಲಿಲ್ಲ. ಅತ್ತೆ ಕೊಟ್ಟ ಮಜ್ಜಿಗೆ ಮಾತ್ರ ಕುಡಿದರು.

ಹಿಂದೊಮ್ಮೆ ಬೇರೆ ಒಬ್ಬರನ್ನು ಕರೆಸಿದ್ದೆವು. ಅವರು ದುಡ್ಡೂ ತಗೊಂಡು, ಹಾವನ್ನು ಡಬ್ಬಿಯಲ್ಲಿ ಹಾಕಿ ಊರೆಲ್ಲಾ ತೋರಿಸಿ, ಕೊನೆಗೆ ಅದು ಸತ್ತೇ ಹೋಯಿತು. ನನಗೆ ಈಗಲೂ ಸಂಕಟ ಆಗುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಾಗೆ ಇಟ್ಟುಕೊಳ್ಳುವಂತೆಯೇ ಇಲ್ಲ.

"ಇದರ ವಿಷ ಔಷಧಿಗೆ ಆಗುತ್ತದಲ್ವಾ?" ಅಂತ ಕೇಳಿದೆ. "ಅದಕ್ಕೆ ಬೇರೆ ಜಾಗ ಉಂಟು ಅಕ್ಕಾ" ಅಂದರು. ಚೆನ್ನೈ ಹತ್ತಿರ ವಡನೆಮ್ಮೇಲಿಯಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ 1978ರಿಂದ ಇದೆ. ಮಣ್ಣಿನ ಮಡಕೆಯಲ್ಲಿ ಕೆಲವು ವಾರ ಹಾವು ಇಟ್ಟು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹಾವು ಕಚ್ಚಿದಾಗ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಇಂಜೆಕ್ಷನ್‌ಗೆ ಹೆಚ್ಚಾಗಿ ಆ ಕಡೆಯ ಹಾವುಗಳ ವಿಷವೇ ಮೂಲ. ಆದರೆ ಕೊಳಕುಮಂಡಲದ ವಿಷ ಊರಿಂದ ಊರಿಗೆ ಬೇರೆ, ಹಾಗಾಗಿ ಆ ಇಂಜೆಕ್ಷನ್ ಎಲ್ಲ ಕಡೆ ಒಂದೇ ಹಾಗೆ ಕೆಲಸ ಮಾಡದೇ ಇರಬಹುದು. ಅಮೆರಿಕದ ಮೊಹಾವಿ ರ್ಯಾಟಲ್‌ಸ್ನೇಕ್ ಕೂಡ ಹಾಗೇ, ಹೆಚ್ಚಿನ ಕಡೆ ಅದರ ವಿಷ ನರಕ್ಕೆ ಹೊಡೆಯುತ್ತದೆ, ಅರಿಝೋನಾದ ನಡುಭಾಗದಲ್ಲಿ ಅದೇ ಜಾತಿಯ ಹಾವಿನ ವಿಷ ರಕ್ತ, ಮಾಂಸವನ್ನು ಹಾಳುಮಾಡುತ್ತದೆ.

ನಮ್ಮ ತೋಟದವರಿಗೆ ಇನ್ನೊಂದು ಚಿಂತೆ ಇದೆ. ಇಂಜೆಕ್ಷನ್ ಇರುವುದು ನಾಗರ, ಕಡಂಬಳ (ಕಟ್ಟು ಹಾವು), ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ತರಗೆಲೆ ಬಣ್ಣದ, ಮೂಗು ಮೇಲೆ ಎದ್ದಿರುವ ಚಿಕ್ಕ ಮಂಡಲ ಹಾವಿಗೆ ಅದು ನಾಟುವುದಿಲ್ಲ. ಕಚ್ಚಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ದೂರದಿಂದ ಒಂದು ಫೋಟೊ ಸಿಕ್ಕಿದರೆ ಡಾಕ್ಟರಿಗೆ ತೋರಿಸಿ, ಅದಕ್ಕೋಸ್ಕರ ಹಾವಿನ ಹಿಂದೆ ಓಡಬೇಡಿ.

ನನ್ನ ಕಡೆಯಿಂದ ಐದಕ್ಕೆ ಐದು. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆ್ಯಪ್ ಇವತ್ತೇ ಹಾಕಿ, ಹತ್ತಿರ ಇರುವ ಹಾವು ಹಿಡಿಯುವವರ ನಂಬರ್ ಗೋಡೆಯಲ್ಲಿ ಬರೆದಿಡಿ.