ಚೈನ್ ಸಾ, ಬ್ರಷ್ ಕಟರ್ ಗಾಯಕ್ಕೆ ಯಾವ ಸಾಮಾನು ಕೊಳ್ಳಬೇಕು: ತೋಟದವರಿಗಾಗಿ ಒಂದು ವಿಮರ್ಶೆ

ಮೆಡಿಕಲ್ ಶಾಪಿನಲ್ಲಿ ಫಸ್ಟ್ ಏಡ್ ಬಾಕ್ಸ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬ್ಯಾಂಡ್ ಏಡ್, ಒಂದು ಸುರುಳಿ ಹತ್ತಿ, ಎರಡಿಂಚಿನ ಬ್ಯಾಂಡೇಜ್ ಬಟ್ಟೆ, ಡೆಟಾಲ್, ಅಯೋಡಿನ್ ಮುಲಾಮು, ಒಂದು ಮೊಂಡು ಕತ್ತರಿ. ಗಿಡ ಕಸಿ ಮಾಡುವಾಗ ಕತ್ತರಿ ಬೆರಳಿಗೆ ತಾಗಿದರೆ ಇಷ್ಟು ಸಾಕು. ಮರಗಸಿಯಲ್ಲಿ, ಅಂದರೆ ನೆರಳುಮರದ ಕೊಂಬೆ ಇಳಿಸುವಾಗ, ಚೈನ್ ಸಾ ತೊಡೆಗೆ ಬಿದ್ದರೆ ಮಾತ್ರ ಈ ಡಬ್ಬಿ ಕೈಕೊಡುತ್ತದೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಜೀವ ಹೋಗಲು ಕೆಲವೇ ನಿಮಿಷ ಸಾಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30. ತೋಟದ ಒಳರಸ್ತೆಯಿಂದ ಟಾರು ರಸ್ತೆಗೆ ಬರುವ ಹೊತ್ತು ಬೇರೆ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆಸ್ಪತ್ರೆ ಮುಟ್ಟುವವರೆಗೆ ರಕ್ತ ನಿಲ್ಲಿಸುವ ಸಾಮಾನು ಯಾವುದು? ಗಾಯ ತೊಳೆಯುವ ಕೆಲಸ ಡಾಕ್ಟರದು.

ಈ ಯಂತ್ರಗಳ ಗಾಯ ಕತ್ತಿಯ ಗಾಯದಂತಲ್ಲ. ಚೈನ್ ಸಾದ ಹಲ್ಲು ಮಾಂಸವನ್ನು ಸೀಳುವುದಿಲ್ಲ, ಕಿತ್ತು ಎಸೆಯುತ್ತದೆ. ಅಂಚು ಚಿಂದಿಯಾಗಿರುತ್ತದೆ, ಒಳಗೆ ಚೈನ್ ಆಯಿಲ್, ಮರದ ಹೊಟ್ಟು, ಪ್ಯಾಂಟಿನ ಎಳೆ ಸೇರಿರುತ್ತದೆ. ಹೆಚ್ಚಾಗಿ ಏಟು ಬೀಳುವುದು ಕಾಲಿಗೆ, ಅದರಲ್ಲೂ ತೊಡೆ ಮತ್ತು ಮೊಣಕಾಲಿಗೆ, ಆಮೇಲೆ ಎಡಗೈಗೆ. ಚೈನ್ ಸುತ್ತುವ ಬಾರಿನ ತುದಿ ಕೊಂಬೆಗೆ ತಾಗಿ ಮಿಷನ್ ಹಿಂದಕ್ಕೆ ಚಿಮ್ಮಿದರೆ ಕುತ್ತಿಗೆ, ಹೆಗಲು, ಮುಖ. ಕಳೆ ಹೊಡೆಯುವ ಬ್ರಷ್ ಕಟರಿನ ಬ್ಲೇಡು ಕಲ್ಲಿಗೋ ಬುಡಕ್ಕೋ ಬಡಿದು ಪಕ್ಕಕ್ಕೆ ಹಾರಿದರೆ ಮೊಣಕಾಲಿನ ಕೆಳಗೆ. ಯಾವ ಸಾಮಾನು ಎಷ್ಟು ಬೇಕು ಎಂಬುದು ಇದರ ಮೇಲೆ ನಿಂತಿದೆ.

ಮೊದಲ ಸ್ಥಾನ ಟೂರ್ನಿಕೆಟ್‌ಗೆ. ಕೈಕಾಲಿನ ಮೇಲೆ ಬಿಗಿದು, ಒಂದು ಕಡ್ಡಿ ತಿರುಚಿ ರಕ್ತ ನಿಲ್ಲಿಸುವ ಪಟ್ಟಿ ಇದು. ಅಮೆರಿಕದ ಸೈನ್ಯ 2005ರಿಂದ ಪ್ರತಿ ಸೈನಿಕನಿಗೆ ಕೊಡಲು ಶುರುಮಾಡಿದ ಸಿ.ಎ.ಟಿ. (ಕಾಂಬ್ಯಾಟ್ ಅಪ್ಲಿಕೇಶನ್ ಟೂರ್ನಿಕೆಟ್) ಮಾದರಿ ಹೆಸರುವಾಸಿ, ಅದರ ಏಳನೇ ಆವೃತ್ತಿ ಕೊಳ್ಳಬಹುದು. ಪಟ್ಟಿಯ ಅಗಲ ಒಂದೂವರೆ ಇಂಚು. ಈ ಅಗಲವೇ ಮುಖ್ಯ. ಹಗ್ಗ, ಬೈಂಡಿಂಗ್ ವಯರು, ಬಾಳೆನಾರು ಕಟ್ಟಿದರೆ ಚರ್ಮ, ನರ ಕತ್ತರಿಸಿಹೋಗುತ್ತದೆ. ಅಷ್ಟೇ ಅಲ್ಲ, ಅರೆಬರೆ ಬಿಗಿಯಾದ ಕಟ್ಟು ಮೇಲಕ್ಕೆ ಮರಳುವ ರಕ್ತವನ್ನು ತಡೆದು, ಆಳದಲ್ಲಿ ಒತ್ತಡದಿಂದ ಕೆಳಗೆ ಬರುವ ರಕ್ತವನ್ನು ಬಿಟ್ಟುಬಿಡುತ್ತದೆ. ಆಗ ಸೋರಿಕೆ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ಕೊಳ್ಳುವಾಗ ದೊಡ್ಡ ತೊಂದರೆ ನಕಲಿ ಮಾಲಿನದು. ಅಸಲಿ ಸಿ.ಎ.ಟಿ.ಗೆ ಅಮೆರಿಕದಲ್ಲೇ ಸುಮಾರು 30 ಡಾಲರ್ ಬೆಲೆ. ಅದೇ ಆಕಾರದ್ದು ಆನ್‌ಲೈನಿನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಕಂಡರೆ ಬಿಟ್ಟುಬಿಡಿ. ನಕಲಿಯಲ್ಲಿ ಕಡ್ಡಿ ತಿರುಚುವಾಗ ಬಾಗುತ್ತದೆ ಇಲ್ಲವೇ ಮುರಿಯುತ್ತದೆ, ವೆಲ್ಕ್ರೋ ಒದ್ದೆಯಾದರೆ ಜಾರುತ್ತದೆ, ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಕೈಗೆ ಬಂದ ಕೂಡಲೇ ಕಡ್ಡಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಳುಕಿದರೆ ವಾಪಸ್ ಕಳಿಸಿ. ದಪ್ಪ ತೊಡೆಗೆ ಒಂದು ಸಾಲದೆ ಹೋಗಬಹುದು, ಆದ್ದರಿಂದ ಒಂದು ಚೀಲಕ್ಕೆ ಎರಡು ಬೇಕು. ಅಭ್ಯಾಸಕ್ಕೆ ನೀಲಿ ಬಣ್ಣದ ತರಬೇತಿ ಮಾದರಿ ಪ್ರತ್ಯೇಕವಾಗಿ ಸಿಗುತ್ತದೆ. ಹತ್ತಾರು ಸಲ ತಿರುಚಿ ಅಭ್ಯಾಸ ಮಾಡಿದ್ದನ್ನು ನಿಜವಾದ ಗಾಯಕ್ಕೆ ನಂಬಬಾರದು.

ಹಾಕುವ ಕ್ರಮ: ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮೊಣಕಾಲು ಮೊಣಕೈ ಗಂಟು ಬಿಟ್ಟು. ಗಾಯ ಎಲ್ಲಿದೆಯೆಂದು ಕಾಣದಷ್ಟು ರಕ್ತವಿದ್ದರೆ ಬಟ್ಟೆಯ ಮೇಲೆಯೇ, ತೊಡೆಯ ತೀರಾ ಮೇಲ್ಭಾಗಕ್ಕೆ. ಆಗ ಜೇಬಿನೊಳಗಿನ ಮೊಬೈಲು, ಸುಣ್ಣದ ಡಬ್ಬಿ ಮೊದಲು ತೆಗೆಯಬೇಕು. ಪಟ್ಟಿಯ ಕೆಳಗೆ ಅವು ಉಳಿದರೆ ಒತ್ತಡ ಸಮನಾಗಿ ಬೀಳುವುದಿಲ್ಲ. ಕಡ್ಡಿ ಮುಟ್ಟುವ ಮೊದಲೇ ಪಟ್ಟಿಯನ್ನು ಮೂರು ಬೆರಳು ತೂರದಷ್ಟು ಬಿಗಿಯಾಗಿ ಎಳೆಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಪಟ್ಟಿ ಸಡಿಲ ಬಿಟ್ಟು, ಕಡ್ಡಿಯನ್ನು ಸುತ್ತಿದಷ್ಟೂ ಸುತ್ತುತ್ತಾರೆ, ರಕ್ತ ಮಾತ್ರ ನಿಲ್ಲುವುದಿಲ್ಲ. ರಕ್ತ ನಿಲ್ಲುವವರೆಗೆ ತಿರುಚಿ, ಕಡ್ಡಿಯನ್ನು ಕೊಕ್ಕೆಗೆ ಸಿಕ್ಕಿಸಿ, ಕೊಕ್ಕೆಯ ಮೇಲಿನ ಸಣ್ಣ ಪಟ್ಟಿಯಲ್ಲಿ ಗಂಟೆ ಬರೆಯಿರಿ. ನಿಲ್ಲದಿದ್ದರೆ ಎರಡನೆಯದನ್ನು ಮೊದಲನೆಯದರ ಮೇಲ್ಬದಿಗೆ ಹಾಕಿ. ವಿಪರೀತ ನೋಯುತ್ತದೆ, ಗಾಯಾಳು ಬಿಚ್ಚಿ ಎಂದು ಗೋಗರೆಯುತ್ತಾರೆ. ಬಿಚ್ಚಬೇಡಿ. ನಡುನಡುವೆ ಸಡಿಲಿಸಿ ರಕ್ತ ಆಡಲು ಬಿಡುವ ಹಳೆಯ ಪದ್ಧತಿಯಿಂದ ಪ್ರಾಣ ಹೋಗುತ್ತದೆ. ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಕಟ್ಟಿನಿಂದಲೇ ಕಾಲು ಹೋಗುವ ಸಂಭವ ತೀರಾ ಕಡಿಮೆ.

ಮಲೆನಾಡಿನಲ್ಲಿ ಈ ವಸ್ತುವಿನ ಬಗ್ಗೆ ಒಂದು ಮಾತು ಖಂಡಿತವಾಗಿ ಹೇಳಿಡಬೇಕು. ಇದನ್ನು ಹಾವು ಕಚ್ಚಿದಾಗ ಕಟ್ಟಲೇಬಾರದು. ಚೀಲ ಕೊಡುವಾಗ ಮೇಸ್ತ್ರಿಗೂ ಆಳುಗಳಿಗೂ ಇದನ್ನು ಬಿಡಿಸಿ ಹೇಳಿ.

ತೊಡೆಸಂದು, ಕಂಕುಳು, ಕುತ್ತಿಗೆಯ ಬುಡ: ಇಲ್ಲಿ ಟೂರ್ನಿಕೆಟ್ ಕೂರುವುದಿಲ್ಲ. ಇಂಥ ಕಡೆ ಗಾಯದೊಳಗೆ ಗಾಜ್, ಅಂದರೆ ಗಾಯಕ್ಕೆ ಬಳಸುವ ತೆಳು ಜಾಳು ಬಟ್ಟೆ, ತುಂಬಿ ಒತ್ತಬೇಕು. ರಕ್ತ ಹೆಪ್ಪುಗಟ್ಟಿಸುವ ಔಷಧ ಲೇಪಿಸಿದ ಗಾಜ್‌ನಲ್ಲಿ ಎರಡು ಹೆಸರು ಪ್ರಸಿದ್ಧ. ಕ್ವಿಕ್‌ಕ್ಲಾಟ್‌ನಲ್ಲಿ ಕೆಯೋಲಿನ್ ಎಂಬ ಜೇಡಿಮಣ್ಣು ಇರುತ್ತದೆ. ಸೆಲಾಕ್ಸ್‌ನಲ್ಲಿ ಸಿಗಡಿ ಜಾತಿಯ ಚಿಪ್ಪಿನಿಂದ ತೆಗೆದ ಕೈಟೋಸಾನ್. ಯಾವುದನ್ನು ತುಂಬಿದರೂ ಆಮೇಲೆ ಕನಿಷ್ಠ 3 ನಿಮಿಷ ಬಿಡದೆ ಒತ್ತಬೇಕು. ಒಳ್ಳೆಯ ವಸ್ತುಗಳೇ. ಆದರೆ ದುಬಾರಿ, ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ, ಅವಧಿ ಮುಗಿದರೆ ಹೊಸದು ತರಬೇಕು. ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಎರಡು ಟೂರ್ನಿಕೆಟ್ ಮೊದಲು, ಇದು ಆಮೇಲೆ. ಮೆಡಿಕಲ್ ಶಾಪಿನ ಸಾದಾ ಗಾಜ್ ಸುರುಳಿಯೂ ಕೆಲಸ ಮಾಡುತ್ತದೆ, ಒತ್ತುವ ಹೊತ್ತು 10 ನಿಮಿಷಕ್ಕೆ ಏರುತ್ತದೆ ಅಷ್ಟೆ. ಚಿಕ್ಕ ಚೌಕದ ತುಂಡು ಬೇಡ, ಉದ್ದನೆಯ ಸುರುಳಿಯೇ ಬೇಕು. ತುಂಡುಗಳು ಆಳದಲ್ಲಿ ಕಳೆದುಹೋಗುತ್ತವೆ. ಪುಡಿ ರೂಪದ್ದೂ ಬೇಡ. ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ, ಚಿಮ್ಮುವ ರಕ್ತದಲ್ಲಿ ಕೊಚ್ಚಿಹೋಗುತ್ತದೆ.

ಗಾಜ್ ಬಟ್ಟೆಯನ್ನು ಬರೀ ಗಾಯದ ಮೇಲಿಟ್ಟರೆ ಪ್ರಯೋಜನವಿಲ್ಲ. ಬೆರಳಿನಿಂದ ರಕ್ತ ಬರುವ ಜಾಗ ಹುಡುಕಿ, ಎಲುಬಿನ ಕಡೆಗೆ ಒತ್ತುತ್ತಾ, ಒಂದು ಕೈ ಹಿಡಿದಿರುವಾಗ ಇನ್ನೊಂದು ಕೈ ತುಂಬುತ್ತಾ ಹೋಗಬೇಕು. ಗುಳಿ ತುಂಬಿ ಮೇಲೆ ಉಬ್ಬಿದ ನಂತರ ಎರಡೂ ಅಂಗೈ ಊರಿ ಮೈಭಾರ ಹಾಕಿ. ನಿಂತಿತೇ ಎಂದು ಪದೇಪದೇ ಎತ್ತಿ ನೋಡಿದರೆ ಕಟ್ಟಿಕೊಂಡ ಹೆಪ್ಪು ಕಿತ್ತುಬರುತ್ತದೆ. ಎದೆ, ಹೊಟ್ಟೆಯ ಗಾಯಕ್ಕೆ ಹೀಗೆ ತುಂಬಬಾರದು. ಹತ್ತಿಯನ್ನಂತೂ ತರಲೇಬೇಡಿ: ಅದು ರಕ್ತ ಹೀರಿ ಸೋರಿಕೆ ಮರೆಮಾಡುತ್ತದೆ, ಎಳೆ ಗಾಯಕ್ಕೆ ಅಂಟುತ್ತದೆ. ಕಾಫಿ ಪುಡಿ, ಅರಿಶಿನ ಒತ್ತುವ ರೂಢಿ ಇನ್ನೂ ಇದೆ. ಅವು ರಕ್ತ ನಿಲ್ಲಿಸುವುದಿಲ್ಲ, ಹೊಲಿಗೆ ಹಾಕುವ ಮೊದಲು ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ.

ತುಂಬಿದ್ದನ್ನು ಹಿಡಿದಿಡಲು ಒತ್ತಡದ ಪಟ್ಟಿ ಬೇಕು. ಇಸ್ರೇಲಿ ಬ್ಯಾಂಡೇಜ್ ಎಂದು ಕರೆಯುವುದರಲ್ಲಿ ಪ್ಯಾಡು, ಉದ್ದ ಎಲಾಸ್ಟಿಕ್, ಒಂದು ಪ್ಲಾಸ್ಟಿಕ್ ಕೊಕ್ಕೆ ಮೂರೂ ಸೇರಿವೆ. ಕೈಗೆ 4 ಇಂಚಿನದು, ತೊಡೆಗೆ 6 ಇಂಚಿನದು. ಒಂದು ಸುತ್ತು ಹಾಕಿ ಪಟ್ಟಿಯನ್ನು ಕೊಕ್ಕೆಗೆ ತೂರಿಸಿ, ಬಂದ ದಿಕ್ಕಿಗೆ ಹಿಂದಕ್ಕೆ ಎಳೆದಾಗ ಕೊಕ್ಕೆ ಪ್ಯಾಡನ್ನು ಅದುಮುತ್ತದೆ. ಕೊಕ್ಕೆ ಗಾಯದ ನೇರಕ್ಕೆ ಇರದಿದ್ದರೆ ಒತ್ತಡವೆಲ್ಲ ವ್ಯರ್ಥ. ಒಪ್ಪವಾದ ಸಾಮಾನು, ಆದರೆ ಇದಿಲ್ಲದೆಯೂ ನಡೆಯುತ್ತದೆ: 6 ಇಂಚಿನ ಕ್ರೇಪ್ ಬ್ಯಾಂಡೇಜ್ ಎರಡು, ಮಡಿಸಿದ ಗಾಜ್ ಬಟ್ಟೆಯ ಗಟ್ಟಿ ಉಂಡೆ ಒಂದು, ಅಗಲ ಟೇಪು. ಕ್ರೇಪ್ ಜೊತೆ ಬರುವ ಪುಟ್ಟ ಲೋಹದ ಕ್ಲಿಪ್ಪು ಒದ್ದೆ ಕೈಗೆ ಸಿಗುವುದಿಲ್ಲ, ಟೇಪೇ ಗಟ್ಟಿ.

ಉಳಿದದ್ದು ಸಣ್ಣಪುಟ್ಟದ್ದು. ನೈಟ್ರೈಲ್ ಗ್ಲೌಸ್ ಎರಡು ಜೊತೆ, ಜೀನ್ಸ್ ಕತ್ತರಿಸಬಲ್ಲ ಮೊಂಡುತುದಿಯ ದೊಡ್ಡ ಕತ್ತರಿ, ಮಾರ್ಕರ್ ಪೆನ್ನು. 100 ಮಿಲಿಯ ಸಲೈನ್ ಬಾಟಲಿ, ಬಾಯಿ ಮುಚ್ಚುವ ಪ್ಲಾಸ್ಟಿಕ್ ಕವರ್ ಎರಡು: ಬೆರಳು ತುಂಡಾದರೆ ಸಲೈನಿನಲ್ಲಿ ತೇವ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಕವರಿನಲ್ಲಿ ಮುಚ್ಚಿ, ಆ ಕವರನ್ನು ಐಸಿನ ಮೇಲಿಡಬೇಕು. ಐಸು ಬೆರಳಿಗೆ ನೇರ ತಾಗಿದರೆ ಜೋಡಿಸಲು ಬಾರದಂತಾಗುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನ, ಆದ್ದರಿಂದ ಗಾಯಾಳುವನ್ನು ಬೆಚ್ಚಗಿಡಬೇಕು. ಅದಕ್ಕೆ ಫಾಯಿಲ್ ಹೊದಿಕೆ ಮಾರುತ್ತಾರೆ. ನಮ್ಮ ಒಣ ಕಂಬಳಿ ಅದಕ್ಕಿಂತ ಕಡಿಮೆಯದಲ್ಲ.

ಗಾಜ್, ಕ್ರೇಪ್, ಟೇಪು, ಸಲೈನ್ ಹಾಸನ, ಚಿಕ್ಕಮಗಳೂರಿನ ಯಾವುದೇ ದೊಡ್ಡ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಟೂರ್ನಿಕೆಟ್‌ಗೆ ಮಾತ್ರ ಆನ್‌ಲೈನ್ ಆರ್ಡರ್ ಬೇಕಾದೀತು. ಎಲ್ಲವನ್ನೂ ಒಂದು ಜಿಪ್ಪಿನ ಕೆಂಪು ಚೀಲಕ್ಕೆ ತುಂಬಿ, ಟೂರ್ನಿಕೆಟ್ ಒಂದನ್ನು ಹೊರಗಿನ ಪಾಕೆಟ್ಟಿಗೆ ಹಾಕಿ, ಚೈನ್ ಸಾ ಹೋದಲ್ಲಿಗೆ ಚೀಲವೂ ಹೋಗಬೇಕು. ಆಫೀಸಿನ ಗೋಡೆಯ ಮೇಲಿದ್ದರೆ ತರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪಿಕಪ್‌ನ ಡ್ಯಾಶ್‌ಬೋರ್ಡ್ ಮೇಲೂ ಬೇಡ, ಬಿಸಿಲಿಗೆ ಪ್ಲಾಸ್ಟಿಕ್ ಕಡ್ಡಿ ಜೀರ್ಣವಾಗುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಟೇಪಿನ ಅಂಟು ಮತ್ತು ಕಾಗದದ ಪೊಟ್ಟಣ ಮೊದಲು ಕೆಡುತ್ತವೆ. ಮರಗಸಿ ಶುರುವಾಗುವ ಮೊದಲೊಮ್ಮೆ, ಮಳೆ ಬಿಟ್ಟು ಕಳೆ ಹೊಡೆಯುವ ಮೊದಲೊಮ್ಮೆ ಚೀಲ ಬಿಚ್ಚಿ, ಪೊಟ್ಟಣದ ಮೇಲಿನ ಅವಧಿ ನೋಡಿ, ಬೂಸಲು ಹಿಡಿದದ್ದನ್ನು ಬದಲಿಸಿ. ಚೀಲದ ಮುಚ್ಚಳಕ್ಕೆ 108 ನಂಬರಿನ ಜೊತೆಗೆ ತೋಟದ ಗೇಟಿಗೆ ಬರುವ ದಾರಿಯನ್ನೂ ಬರೆದು ಅಂಟಿಸಿ. ಆ ಗಾಬರಿಯಲ್ಲಿ ಫೋನು ಹಿಡಿದವರಿಗೆ ದಾರಿ ಹೇಳಲು ಬಾಯೇ ಬರುವುದಿಲ್ಲ.