ಸುಣ್ಣದ ಕಲ್ಲು ಅಂತ ಚರ್ಟ್ ಸುಟ್ಟ ಕಥೆ

ಹಳೇ ಮನೆಗೆ ಸುಣ್ಣದ ಗಾರೆ ಮಾಡಿಸಲು ಹೊರಟವರು ಇದನ್ನು ಓದಿ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಕಾಲದ ಮನೆ. ಗೋಡೆಗೆ ಸಿಮೆಂಟ್ ಬೇಡ, ಸುಣ್ಣವೇ ಆಗಬೇಕು, ಅದನ್ನೂ ನಾವೇ ಸುಡಬೇಕು ಎಂಬ ಹುಚ್ಚು ನನಗೆ. ಒಬ್ಬರು ಒಂದು ಟ್ರ್ಯಾಕ್ಟರ್ ಬೂದು ಕಲ್ಲು ತಂದು ಇಳಿಸಿದರು. ರೇಟು ಕಡಿಮೆ. ನಾನು ಒಂದನ್ನೂ ಕೈಗೆತ್ತಿ ನೋಡಲಿಲ್ಲ.

ಹಿತ್ತಿಲಲ್ಲಿ ಗೂಡು ಕಟ್ಟಿ ಬೆಂಕಿ ಹಾಕಿದೆವು. ಸ್ವಲ್ಪ ಹೊತ್ತಿಗೆ ಪಟಾಕಿ ಹಚ್ಚಿದ ಹಾಗೆ ಪಟಪಟ ಸದ್ದು. ಒಂದು ಚೂರು ಹಾರಿ ಬಂದು, ಕೆಲಸಕ್ಕೆ ಬಂದಿದ್ದ ಅಣ್ಣನ ಮೀನಖಂಡವನ್ನು ಬ್ಲೇಡಿನಂತೆ ಸೀಳಿತು. ನಾಲ್ಕು ಹೊಲಿಗೆ. "ಅಲ್ಲ ಮಾರಾಯ್ರೇ, ಇದು ಎಂಥ ಸುಣ್ಣದ ಕಲ್ಲು!" ಎಂದರು ಪಾಪ.

ಮರುದಿನ ಸುಟ್ಟ ಕಲ್ಲಿಗೆ ನೀರು ಹೊಯ್ದೆವು. ಬುಸುಗುಟ್ಟಿ ಅರಳಬೇಕು ಅಲ್ವಾ? ಒಂದೆರಡು ಅರಳಿದವು. ಉಳಿದವು ಸುಮ್ನೆ ಒದ್ದೆಯಾಗಿ ಕೂತವು.

ಭೂವಿಜ್ಞಾನ ಓದಿದ ನನ್ನ ತಂಗಿ ಮಗ ನೋಡಿದವನೇ ನಕ್ಕ. ಅದು ಚರ್ಟ್. ಚಕಮಕಿ ಕಲ್ಲಿನ ಬಳಗ, ಹೆಚ್ಚುಕಮ್ಮಿ ಪೂರ್ತಿ ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಹರಳುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಒಳಗೆ ಸಿಕ್ಕಿಕೊಂಡ ನೀರು ಆವಿಯಾದಾಗ ಹೊರಗೆ ಹೋಗಲು ದಾರಿ ಸಿಗದೆ ಕಲ್ಲೇ ಸಿಡಿಯುತ್ತದೆ. ಸುಣ್ಣದ ಕಲ್ಲಿನ ಪದರಗಳ ನಡುವೆ ಇದು ಗಂಟುಗಂಟಾಗಿ ಇರುವುದುಂಟು. ಬಣ್ಣವೂ ಹತ್ತಿರ ಹತ್ತಿರ. ಬಾಬಾಬುಡನ್‌ಗಿರಿಯ ಕಬ್ಬಿಣದ ಅದಿರಿನ ಜೊತೆ ಪಟ್ಟಿಪಟ್ಟಿಯಾಗಿ ಕಾಣುವುದೂ ಇದೇ ಜಾತಿ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಸಿಲಿಕಾ.

ಗುರುತು ಹಿಡಿಯುವುದು ಕಷ್ಟವೇನಲ್ಲ, ಅದೇ ಬೇಜಾರು. ಚಾಕುವಿನಿಂದ ಗೀರಿ. 1ರಿಂದ 10ರವರೆಗಿನ ಅಳತೆಯಲ್ಲಿ ಸುಣ್ಣದ ಕಲ್ಲಿನ ಗಡಸುತನ 3, ಗೀರು ಬಿದ್ದು ಬಿಳಿ ಪುಡಿ ಏಳುತ್ತದೆ. ಚರ್ಟ್ 7ರ ಹತ್ತಿರ. ಅದರ ಮೇಲೆ ಚಾಕುವೇ ಸವೆದು ಬೂದು ಗೆರೆ ಉಳಿಯುತ್ತದೆ. ಗಾಜಿನ ಬಾಟಲಿಯನ್ನೂ ಗೀರುತ್ತದೆ. ಒಡೆದ ಮುಖ ಚಿಪ್ಪಿನ ಒಳಮೈ ಹಾಗೆ ನುಣ್ಣಗೆ ಬಾಗಿದ್ದು, ಅಂಚು ಹರಿತವಾಗಿದ್ದರೆ ಅನುಮಾನ ಪಡಿ. ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಕೊನೆಗೆ ಕಲ್ಲಿನ ಪುಡಿಗೆ ವಿನೆಗರ್ ಬಿಡಿ. ಸುಣ್ಣದ ಕಲ್ಲು ನೊರೆಯುತ್ತದೆ, ಚರ್ಟ್ ಸುಮ್ಮನಿರುತ್ತದೆ. ಒಂದೇ ಕಲ್ಲು ನೋಡಿ ಬಿಡಬೇಡಿ, ರಾಶಿಯ ನಾಲ್ಕು ಕಡೆಯಿಂದ ಹೆಕ್ಕಿ. ತೋಟಕ್ಕೆ ಹಾಕಲು ಸುಣ್ಣದ ಕಲ್ಲಿನ ಪುಡಿ ತರಿಸುವವರೂ ಈ ವಿನೆಗರ್ ಪರೀಕ್ಷೆ ಮಾಡಿ.

ಆ ರಾಶಿ ಇನ್ನೂ ಹಿತ್ತಿಲಲ್ಲೇ ಇದೆ. ಜಲ್ಲಿ ಮಾಡಿ ಕಾಂಕ್ರೀಟಿಗೆ ಹಾಕೋಣವೆಂದರೆ, ಸಿಮೆಂಟಿನ ಕ್ಷಾರಕ್ಕೆ ಉಬ್ಬಿ ಕೆಲವು ವರ್ಷದ ಮೇಲೆ ಬಿರುಕು ಬಿಡಬಹುದಂತೆ. ಅಂಗಳಕ್ಕೆ ಹರಡೋಣವೆಂದರೆ ಬರಿಗಾಲಲ್ಲಿ ಓಡಾಡುವ ಮನೆ ನಮ್ಮದು.